ಬ್ಯಾಟರಿಯ ಜಮಾಖರ್ಚು

ಚಳಿ ಎಂಬುದು ಚೆನ್ನೈಯಲ್ಲಿ ಸಂಸಾರ ಹೂಡಿದವರಿಗೆ ಕೇಳಿ ಗೊತ್ತಿರುವ ವಿಷಯವೇ ಹೊರತು ಅನುಭವಿಸಿ ಗೊತ್ತಿರುವುದಲ್ಲ. ಮಾರ್ಗಳಿಯ ಬೆಳಗಿನಲ್ಲಿ ಉಷ್ಣತೆ ೨೦ ಡಿಗ್ರಿಗೆ ಇಳಿದರೆ ಸಾಕು, ಹಾಲು ತರಲು ಹೊರಟವರ ಕಿವಿಗೆ ಮಫ್ಲರ್ ಏರುತ್ತದೆ. ಮಲೆನಾಡಿನಿಂದ ಬಂದ ನಮ್ಮವರು ಮೊದಲೆರಡು ವರ್ಷ ಇದನ್ನು ಕಂಡು ನಗುತ್ತಾರೆ. ಮೂರನೆಯ ವರ್ಷ ತಾವೂ ಒಂದು ಮಫ್ಲರ್ ಕೊಳ್ಳುತ್ತಾರೆ.

ಆದರೂ ಈ ಬೆವರಿನ ಊರಿಗೂ ಹಿಮದ ನಾಡಿಗೂ ಹಳೆಯ ನಂಟು ಉಂಟು. ೧೯೫೫ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿಯೂ ಇಲ್ಲಿಯ ಮದ್ರಾಸ್ ಮೋಟರ್ಸ್ ಸಂಸ್ಥೆಯೂ ಕೂಡಿ ಎನ್‌ಫೀಲ್ಡ್ ಇಂಡಿಯಾ ಎಂಬ ಕಂಪನಿಯನ್ನು ಹುಟ್ಟುಹಾಕಿದವು. ಮರುವರ್ಷ ತಿರುವೊಟ್ಟಿಯೂರಿನ ಕಾರ್ಖಾನೆ ತೆರೆಯಿತು. ಗಡಿ ಕಾಯುವ ನಮ್ಮ ಸೈನ್ಯಕ್ಕೆ ಬೇಕಾಗಿದ್ದ ಬುಲೆಟ್ ಗಾಡಿ ಹೀಗೆ ಸಮುದ್ರದ ಉಪ್ಪುಗಾಳಿಯಲ್ಲಿ ತಯಾರಾಗತೊಡಗಿತು. ಪಾಡಿಯಲ್ಲಿ ೧೯೬೧ರಲ್ಲಿ ಸ್ಥಾಪನೆಯಾದ ಲ್ಯೂಕಾಸ್-ಟಿ.ವಿ.ಎಸ್. ಸಂಸ್ಥೆ ವಾಹನಗಳ ಸ್ಟಾರ್ಟರ್ ಮೋಟರು, ಆಲ್ಟರ್ನೇಟರುಗಳನ್ನು ಮಾಡಿ ದೇಶಕ್ಕೆಲ್ಲ ಕೊಟ್ಟಿತು. ೨೦೧೬ರಲ್ಲಿ ರಾಯಲ್ ಎನ್‌ಫೀಲ್ಡಿನವರು ಗುಡ್ಡಗಾಡಿಗೆಂದೇ ಒಂದು ಬೈಕನ್ನು ಹೊರತಂದು ಅದಕ್ಕೆ 'ಹಿಮಾಲಯನ್' ಎಂದು ನಾಮಕರಣವನ್ನೇ ಮಾಡಿಬಿಟ್ಟರು. ಮಂಜುಗಡ್ಡೆಯನ್ನು ಫ್ರಿಜ್ಜಿನೊಳಗಲ್ಲದೆ ಬೇರೆಲ್ಲೂ ಕಾಣದ ಊರಿನಲ್ಲಿ ಆ ಹೆಸರು!

ಇಷ್ಟು ಪೀಠಿಕೆ ಏಕೆಂದರೆ, ಅಂಥದೊಂದು ಹಿಮಾಲಯನ್ ಗಾಡಿ ಅಯನಾವರದ ನಮ್ಮ ಮನೆಯ ಮುಂದೆಯೂ ನಿಂತಿದೆ. ಅದರ ಯಜಮಾನ ನನ್ನ ಭಾವಮೈದ. ಹಳೆಯ ಮಹಾಬಲಿಪುರ ರಸ್ತೆಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ವಾಸ ನಮ್ಮ ಜೊತೆಯಲ್ಲೇ. ಬೈಕು ಇನ್ನೊಬ್ಬರಿಂದ ಕೊಂಡದ್ದಾದರೂ ಅದಕ್ಕೆ ಅವನು ಮಾಡುವ ಉಪಚಾರ ಮನೆದೇವರಿಗೂ ನಡೆಯುತ್ತಿಲ್ಲ ಎಂದು ಅವನ ಅಕ್ಕ, ಅಂದರೆ ನನ್ನ ಹೆಂಡತಿ, ಆಡಿಕೊಳ್ಳುವುದುಂಟು.

೨೦೨೪ರ ದೀಪಾವಳಿ ಮುಗಿಸಿಕೊಂಡು ನವೆಂಬರಿನಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗುವುದಾಗಿ ಅವನು ಸಾರಿದ. ಗಾಡಿಯನ್ನು ರೈಲಿನಲ್ಲಿ ದೆಹಲಿಗೆ ಹಾಕಿ, ಅಲ್ಲಿಂದ ಶಿಮ್ಲಾ, ರಾಮ್‌ಪುರ, ನಾಕೋ, ಟಾಬೋ ದಾಟಿ ಕಾಝಾ ಎಂಬ ಊರು ಸೇರುವುದು. ಕಾಝಾ ಸಮುದ್ರಮಟ್ಟದಿಂದ ೩,೬೦೦ ಮೀಟರಿಗೂ ಮೇಲೆ ಇದೆ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಸುಮಾರು ಅಷ್ಟೇ. ಜತೆಗೆ ಯಾರೂ ಇಲ್ಲ. ತಿಪಟೂರಿನಿಂದ ಅತ್ತೆಯವರ ಫೋನು ಬಂತು. "ಅಳಿಯಂದಿರೇ, ಇರೋನು ಒಬ್ಬನೇ ಮಗ. ನನ್ನ ಮಾತು ಕೇಳಲ್ಲ. ನೀವು ಬೇಡ ಅಂದರೆ ಕೇಳ್ತಾನೆ" ಎಂದರು. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

'ಬೇಡ' ಎಂಬ ಮಾತು ಹೇಳಲು ಸುಲಭ. ಇಪ್ಪತ್ತಾರು ವರ್ಷದ, ಸ್ವಂತ ಸಂಪಾದನೆಯ ಹುಡುಗನಿಗೆ ಹೇಳಿದರೆ ಅದು ಎರಡೇ ಕೆಲಸ ಮಾಡುತ್ತದೆ: ಒಂದೋ ಅವನು ಹೇಳದೆ ಹೋಗುತ್ತಾನೆ, ಇಲ್ಲವೇ ಹೋಗದೆ ಮುನಿಸಿಕೊಂಡಿರುತ್ತಾನೆ. ಆದ್ದರಿಂದ ಮೊದಲು ಅವನ ಸಿದ್ಧತೆ ನೋಡೋಣವೆಂದುಕೊಂಡೆ. ನೋಡಿದರೆ, ಕೋಣೆಯ ತುಂಬ ಡಬ್ಬಿಗಳು. ಒಳಗೆ ತಂತಿ ಹೊಲಿದು ಕರೆಂಟಿನಿಂದ ಬಿಸಿಯಾಗುವ ಜಾಕೀಟು, ಬಿಸಿಯಾಗುವ ಕೈಗವಸು, ಹ್ಯಾಂಡಲಿನ ಹಿಡಿಗೆ ಬಿಸಿಯಾಗುವ ತೊಡಿಗೆ, ಮಂಜಿನಲ್ಲಿ ಉರಿಸುವ ಎರಡು ಫಾಗ್‌ಲ್ಯಾಂಪು, ಮೊಬೈಲು ಚಾರ್ಜು ಮಾಡುವ ಸಾಕೆಟ್ಟು. "ಭಾವ, ಇಷ್ಟು ಇದ್ದರೆ ಚಳಿ ಹತ್ತಿರ ಸುಳಿಯಲ್ಲ" ಎಂದ. "ಇವಕ್ಕೆಲ್ಲ ಕರೆಂಟು?" ಎಂದೆ. "ಬ್ಯಾಟರಿ ಇದೆಯಲ್ಲ" ಎಂದ.

ನಾನು ಬಿ.ಎ. ಓದಿದವನು, ವಿದ್ಯುಚ್ಛಕ್ತಿಯ ವಿಷಯದಲ್ಲಿ ನನಗಿದ್ದ ಪಾಂಡಿತ್ಯ ತಿಂಗಳ ಬಿಲ್ಲು ಕಟ್ಟುವುದಕ್ಕೆ ಸೀಮಿತ. ಆದರೆ ಹತ್ತು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಲೆಕ್ಕದ ಕಡತ ನೋಡುತ್ತಿರುವ ಗುಮಾಸ್ತನಿಗೆ 'ಇದೆಯಲ್ಲ' ಎಂಬ ಮಾತು ಕೇಳಿದರೆ 'ಎಷ್ಟಿದೆ?' ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಆ ಭಾನುವಾರ ಇಬ್ಬರೂ ಪುದುಪೇಟೆಗೆ ಹೋದೆವು. ವಾಹನದ ಬಿಡಿಭಾಗಗಳೆಲ್ಲ ಬೀದಿಯುದ್ದಕ್ಕೂ ಹರಡಿಕೊಂಡಿರುವ ಆ ಪೇಟೆಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ವೃದ್ಧರೊಬ್ಬರು ನನಗೆ ಪರಿಚಯ. ಡಬ್ಬಿಗಳನ್ನೆಲ್ಲ ನೋಡಿ ಅವರು ನಕ್ಕು, "ತಂಬಿ, ಬ್ಯಾಟರಿ ಕರೆಂಟು ಮಾಡುವ ಯಂತ್ರವಲ್ಲ, ಕರೆಂಟು ಇಡುವ ಡಬ್ಬಿ. ಮಾಡುವುದು ಎಂಜಿನ್ನಿಗೆ ಅಂಟಿಕೊಂಡ ಆಲ್ಟರ್ನೇಟರು. ಅದರ ಸಂಬಳ ಎಷ್ಟು ಎಂದು ಮೊದಲು ತಿಳಿದುಕೋ" ಎಂದರು.

ಸಂಬಳ ಎಂಬ ಶಬ್ದ ಬಿದ್ದದ್ದೇ ತಡ, ನನಗೆ ಎಲ್ಲವೂ ನಿಚ್ಚಳವಾಯಿತು. ಆಲ್ಟರ್ನೇಟರು ದುಡಿಯುವ ಗಂಡಸು. ಬ್ಯಾಟರಿ ಮನೆಯ ಕೂಡಿಟ್ಟ ಹಣ. ದೀಪ, ಜಾಕೀಟು, ಮೊಬೈಲುಗಳು ಖರ್ಚಿನ ಬಾಬುಗಳು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು, ಅವರು ಹೇಳಿದ್ದನ್ನೂ ಡಬ್ಬಿಗಳ ಮೇಲೆ ಅಚ್ಚಾದ ಅಂಕಿಗಳನ್ನೂ ಕೂಡಿಸಿ ಒಂದು ಜಮಾಖರ್ಚು ಬರೆದೆ. ವಾಚಕರಲ್ಲಿ ಬೈಕು ಇಟ್ಟವರಿಗೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ಕೊಡುತ್ತೇನೆ.

ಜಮಾ: ಈ ದರ್ಜೆಯ ಬೈಕುಗಳು ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿರುವಾಗ ಸುಮಾರು ೨೦೦ ವಾಟ್ ದುಡಿಯುತ್ತವೆ. ಆದರೆ ಇದು ದಿನಗೂಲಿಯ ಸಂಬಳ. ನಿಂತಲ್ಲೇ ಎಂಜಿನ್ನು ಗುಟುರುಹಾಕುತ್ತಿದ್ದರೆ, ಕಲ್ಲುದಾರಿಯಲ್ಲಿ ತೆವಳುತ್ತಿದ್ದರೆ, ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ.

ತಪ್ಪಿಸಿಕೊಳ್ಳಲಾಗದ ಖರ್ಚು: ಹೆಡ್‌ಲೈಟಿಗೆ ೬೦ ವಾಟ್. ಅದನ್ನು ಆರಿಸೋಣವೆಂದರೆ ಆಗದು. ೨೦೧೭ರ ಏಪ್ರಿಲ್ ೧ರಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನ್ ಓಡುವಷ್ಟು ಹೊತ್ತೂ ಉರಿಯಲೇಬೇಕೆಂದು ನಿಯಮ. ಕೈಗೆ ಬರುವ ಮೊದಲೇ ಕತ್ತರಿಸಿಕೊಳ್ಳುವ ಪ್ರಾವಿಡೆಂಟ್ ಫಂಡಿನ ಹಾಗೆ! ಪೆಟ್ರೋಲ್ ಪಂಪು, ಇಂಜೆಕ್ಷನ್, ಕಿಡಿ ಹೊತ್ತಿಸುವ ಏರ್ಪಾಡಿಗೆ ಸುಮಾರು ೫೫. ಹಿಂದಿನ ದೀಪ, ಮೀಟರು ಮುಂತಾದವಕ್ಕೆ ೧೫. ಒಟ್ಟು ೧೩೦. ಉಳಿದದ್ದು ೭೦ ವಾಟ್.

ನಮ್ಮ ಹುಡುಗನ ಆಸೆಗಳು: ಜಾಕೀಟು ೮೦, ಕೈಗವಸು ೨೫, ಹ್ಯಾಂಡಲಿನ ಹಿಡಿ ೩೫, ಫಾಗ್‌ಲ್ಯಾಂಪು ಎರಡಕ್ಕೆ ೪೦, ಮೊಬೈಲಿಗೆ ೧೫. ಒಟ್ಟು ೧೯೫.

ಕೈಯಲ್ಲಿ ೭೦, ಖರ್ಚು ೧೯೫. ಕೊರತೆ ೧೨೫ ವಾಟ್. ಈ ಕೊರತೆ ತುಂಬುವುದು ಕೂಡಿಟ್ಟ ಹಣದಿಂದ, ಅಂದರೆ ಬ್ಯಾಟರಿಯಿಂದ. ಅವನ ಬ್ಯಾಟರಿಯ ಮೇಲೆ ೧೨ ವೋಲ್ಟ್, ೮ ಆಂಪಿಯರ್-ಅವರ್ ಎಂದು ಬರೆದಿತ್ತು. ಗುಣಿಸಿದರೆ ೯೬, ಅಂದರೆ ೯೬ ವಾಟನ್ನು ಒಂದು ಗಂಟೆ ಕೊಡಬಲ್ಲದು, ಅಷ್ಟೆ. ೧೨೫ರ ಕೊರತೆಗೆ ಅದು ಮುಕ್ಕಾಲು ಗಂಟೆಯಲ್ಲಿ ಬರಿದು! ಬರಿದಾಗುವುದಕ್ಕೆ ಬಹಳ ಮೊದಲೇ ಸೆಲ್ಫ್ ಸ್ಟಾರ್ಟರು ಕೈಕೊಡುತ್ತದೆ. ಗುಂಡಿ ಒತ್ತಿದ ಕ್ಷಣ ಆ ಮೋಟರು ನೂರು ಆಂಪಿಯರಿನ ಆಸುಪಾಸಿನಲ್ಲಿ ಎಳೆಯುತ್ತದೆ. ಮದುವೆ ಖರ್ಚಿನಂತೆ, ಹೊತ್ತು ಸ್ವಲ್ಪ, ಮೊತ್ತ ದೊಡ್ಡದು. ಹಳೆಯ ಬುಲೆಟ್ಟಿಗಾದರೆ ಕಿಕ್ಕು ಇತ್ತು; ಕಾಲಿನಲ್ಲಿ ಬಲವಿದ್ದರೆ ಬ್ಯಾಟರಿಯ ಹಂಗಿಲ್ಲದೆ ಹೊರಡಬಹುದಾಗಿತ್ತು. ಈ ಗಾಡಿಗೆ ಕಿಕ್ಕಿಲ್ಲ. ಗುಂಡಿ ಒಪ್ಪಿದರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ.

ಇದು ಚೆನ್ನೈಯ ಲೆಕ್ಕ. ಚಳಿಯ ಲೆಕ್ಕವೇ ಬೇರೆ ಎಂದು ವೃದ್ಧರು ಹೇಳಿದಾಗ ನಾವಿಬ್ಬರೂ ಸುಮ್ಮನಾದೆವು. ಬ್ಯಾಟರಿಯೊಳಗಿನದು ಸೀಸ ಮತ್ತು ಗಂಧಕಾಮ್ಲಗಳ ರಾಸಾಯನಿಕ ಕ್ರಿಯೆ. ತಣ್ಣಗಾದಂತೆಲ್ಲ ಆ ಕ್ರಿಯೆ ಮಂದವಾಗುತ್ತದೆ. ಸೊನ್ನೆಯ ಕೆಳಗೆ ೧೮ ಡಿಗ್ರಿಯಲ್ಲಿ ಅದು ಕೊಡುವುದು ಹೆಚ್ಚುಕಡಮೆ ಅರ್ಧ ಮಾತ್ರ. ತುಂಬಿಸಿದರೆ ತುಂಬಿಕೊಳ್ಳುವುದೂ ನಿಧಾನ. ಅದೇ ಹೊತ್ತಿಗೆ ಎಂಜಿನ್ನಿನ ಎಣ್ಣೆ ಗಟ್ಟಿಯಾಗಿ, ಎಂಜಿನ್ನನ್ನು ತಿರುಗಿಸಲು ಇನ್ನೂ ಹೆಚ್ಚು ಬಲ ಬೇಕಾಗುತ್ತದೆ. ಎಣ್ಣೆಯ ಡಬ್ಬಿಯ ಮೇಲೆ '೧೫ ಡಬ್ಲ್ಯು ೫೦' ಎಂದು ಇರುತ್ತದೆಯಷ್ಟೆ. ಆ 'ಡಬ್ಲ್ಯು' ವಾಟ್ ಅಲ್ಲ, ವಿಂಟರ್, ಅಂದರೆ ಚಳಿಗಾಲ. ಅದರ ಮುಂದಿನ ಅಂಕಿ ಸಣ್ಣದಾದಷ್ಟೂ ಎಣ್ಣೆ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಪೂರ್ತಿ ತುಂಬಿದ ಬ್ಯಾಟರಿಯ ಆಮ್ಲ ಸೊನ್ನೆಯ ಕೆಳಗೆ ೬೦ ಡಿಗ್ರಿಯಾದರೂ ಹೆಪ್ಪುಗಟ್ಟದು. ಬರಿದಾದ ಬ್ಯಾಟರಿಯದು ಬಹುಮಟ್ಟಿಗೆ ನೀರೇ ಆಗಿರುವುದರಿಂದ ೧೦ ಡಿಗ್ರಿಯ ಸುಮಾರಿಗೇ ಹೆಪ್ಪುಗಟ್ಟಿ, ಹಿಗ್ಗಿ, ಡಬ್ಬಿಯೇ ಒಡೆದೀತು. ನವೆಂಬರಿನ ಕಾಝಾದಲ್ಲಿ ರಾತ್ರಿಯ ಚಳಿ ಆ ಮಟ್ಟಕ್ಕೆ ಇಳಿಯಬಲ್ಲದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಹಾಸಿಗೆಯ ಉದ್ದ ಬದಲಾಗದು ಎಂಬುದು ಆ ಗಾದೆಯ ನಂಬಿಕೆ. ಚಳಿಯ ನಾಡಿನಲ್ಲಿ ಹಾಸಿಗೆಯೇ ರಾತ್ರಿ ಕಳೆಯುವುದರೊಳಗೆ ಅರ್ಧಕ್ಕೆ ಕುಗ್ಗಿರುತ್ತದೆ; ಕಾಲು ಚಾಚುವ ಆಸೆ ಮಾತ್ರ ಎರಡರಷ್ಟು ಬೆಳೆದಿರುತ್ತದೆ. ಎಲ್ಲಿ ಕರೆಂಟು ಅತ್ಯಂತ ಬೇಕೋ ಅಲ್ಲಿಯೇ ಅದು ಅತ್ಯಂತ ಕಡಮೆ.

ಹುಡುಗ ಚೀಟಿಯನ್ನು ಎರಡು ಸಲ ಓದಿದ. ಕೂಡಿ ಕಳೆದು ನೋಡಿದ. ನಾನು ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಕೊನೆಗೆ ಅವನೇ ಜಾಕೀಟಿನ ಡಬ್ಬಿಯನ್ನು ಬದಿಗಿಟ್ಟ. ಅದರ ಮೇಲೆ ಹ್ಯಾಂಡಲಿನ ಹಿಡಿಯನ್ನಿಟ್ಟ. "ಕೈಗವಸು ಇರಲಿ ಭಾವ. ಬೆರಳು ಮರಗಟ್ಟಿದರೆ ಬ್ರೇಕು ಹಿಡಿಯೋಕಾಗಲ್ಲ" ಎಂದ. ಅದು ಸರಿಯಾದ ಮಾತು. ಮೈ ಬೆಚ್ಚಗಿಡಲು ಬಟ್ಟೆಯುಂಟು. ದಪ್ಪ ಬಟ್ಟೆ ಸುತ್ತಿದ ಬೆರಳು ಕೆಲಸ ಮಾಡಲಾರದು. ಖರ್ಚು ಕಡಿತ ಮಾಡುವಾಗ ಎಲ್ಲ ಬಾಬಿನಿಂದಲೂ ಒಂದೇ ಸಮನೆ ಕತ್ತರಿಸುವುದು ಕಚೇರಿಯ ಪದ್ಧತಿ; ಯಾವುದಕ್ಕೆ ಬದಲಿ ಇಲ್ಲವೋ ಅದನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸುವುದು ಸಂಸಾರದ ಪದ್ಧತಿ. ಹುಡುಗನಿಗೆ ಎರಡನೆಯದು ಹೊಳೆದದ್ದು ಕಂಡು ನನಗೆ ಅರ್ಧ ಭಯ ಹೋಯಿತು.

ವೃದ್ಧರು ಮಾಡಿಕೊಟ್ಟ ಏರ್ಪಾಡು ಸರಳವಾದುದು. ಬ್ಯಾಟರಿಯಿಂದ ಹೊರಡುವ ತಂತಿಗೆ ಮೊದಲ ಗೇಣಿನಲ್ಲೇ ಒಂದು ಫ್ಯೂಸು. ಮುಂದೆ ತಂತಿ ಎಲ್ಲಿ ಉಜ್ಜಿ ಬಯಲಾದರೂ ಬೆಂಕಿ ಹೊತ್ತದಿರಲೆಂದು. ಅಲ್ಲಿಂದ ಒಂದು ರಿಲೇ. ಕೀಲಿ ತೆಗೆದೊಡನೆ ಎಲ್ಲ ಉಪಕರಣಗಳೂ ತಾವಾಗಿ ಆರುವ ಹಾಗೆ. ಹ್ಯಾಂಡಲಿನ ಮೇಲೆ ಎರಡು ಕಡೆಗೆ ತಿರುಗುವ ಒಂದೇ ಸ್ವಿಚ್ಚು: ಒಂದು ಕಡೆಗೆ ಕೈಗವಸು, ಇನ್ನೊಂದು ಕಡೆಗೆ ಫಾಗ್‌ಲ್ಯಾಂಪು, ಎರಡೂ ಒಟ್ಟಿಗೆ ಹೊತ್ತುವ ಹಾಗೇ ಇಲ್ಲ. ಕೈಗವಸು ಮತ್ತು ಮೊಬೈಲು ಸೇರಿ ೪೦ ವಾಟ್. ದೀಪ ಮತ್ತು ಮೊಬೈಲು ಸೇರಿ ೫೫. ಎರಡೂ ೭೦ರ ಒಳಗೆ. ಉಳಿದದ್ದು ಬ್ಯಾಟರಿಗೆ ಉಳಿತಾಯ. ಟರ್ಮಿನಲ್‌ಗಳನ್ನು ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರು.

ಆಮೇಲೆ ರಿಚಿ ಸ್ಟ್ರೀಟಿಗೆ ಹೋಗಿ ಒಂದು ಸಣ್ಣ ಮಲ್ಟಿಮೀಟರು ಕೊಂಡೆವು. ಹಳೆಯ ಬುಲೆಟ್ಟುಗಳ ಹೆಡ್‌ಲೈಟಿನ ಮೇಲೆ ಆಂಪಿಯರ್ ಮುಳ್ಳೊಂದು ಇರುತ್ತಿತ್ತು. ಹಣ ಬರುತ್ತಿದೆಯೋ ಹೋಗುತ್ತಿದೆಯೋ ಎಂಬುದನ್ನು ಸವಾರನಿಗೆ ತೋರಿಸುತ್ತಿತ್ತು. ಈಗ ಮೀಟರೇ ಪಾಸ್‌ಬುಕ್ಕು. ಎಂಜಿನ್ ಆರಿಸಿ ಕೆಲವು ಗಂಟೆ ಬಿಟ್ಟು ನೋಡಿದಾಗ ೧೨.೬ಕ್ಕಿಂತ ಮೇಲಿದ್ದರೆ ಬ್ಯಾಟರಿ ತುಂಬಿದೆ. ೧೨ಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಬರಿದು. ಎಂಜಿನ್ ಓಡುವಾಗ ೧೪ರ ಸುಮಾರಿಗೆ ಇರಬೇಕು. ೧೩ಕ್ಕಿಂತ ಇಳಿದರೆ ಖರ್ಚು ಆದಾಯವನ್ನು ಮೀರಿದೆ ಎಂದೇ ಅರ್ಥ.

ಉಳಿದ ನಿಯಮಗಳು ಮೂರು. ಊರು ಸೇರುವುದಕ್ಕೆ ಅರ್ಧ ಗಂಟೆ ಮುಂಚೆಯೇ ಕೈಗವಸು ಆರಿಸಿ, ಬ್ಯಾಟರಿ ತುಂಬಿದ ಹೊಟ್ಟೆಯಲ್ಲಿ ಮಲಗುವಂತೆ ಮಾಡುವುದು. ರಾತ್ರಿ ಬ್ಯಾಟರಿಯನ್ನು ಕಳಚಿ ಕೋಣೆಯೊಳಕ್ಕೆ ತರುವುದು; ಹೊರಗೇ ಬಿಟ್ಟು ಕಂಬಳಿ ಹೊದಿಸಿದರೆ ಪ್ರಯೋಜನ ಕಡಮೆ, ಕಂಬಳಿ ಇರುವ ಬಿಸಿಯನ್ನು ಕಾಯುತ್ತದೆಯೇ ಹೊರತು ಇಲ್ಲದ ಬಿಸಿಯನ್ನು ಹುಟ್ಟಿಸದು. ಮೊಬೈಲು, ಪವರ್ ಬ್ಯಾಂಕುಗಳನ್ನು ಅಂಗಿಯ ಒಳಜೇಬಿನಲ್ಲಿಡುವುದು. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಚಾರ್ಜು ಮಾಡಿದರೆ ಅದು ಕೆಡುತ್ತದೆ.

ಅತ್ತೆಯವರಿಗೆ ಫೋನು ಮಾಡಿ, "ಹೋಗಲಿ ಬಿಡಿ ಅತ್ತೆ, ಲೆಕ್ಕ ಸರಿಯಾಗಿದೆ" ಎಂದೆ. ಬಹಳ ಹೊತ್ತು ಮಾತಿರಲಿಲ್ಲ. "ಬಿಸಿ ಜಾಕೀಟು ಬಿಟ್ಟು ಹೋಗ್ತಾನಂತಲ್ಲ, ಮತ್ತೆ ಮೈಗೆ?" ಎಂದರು. ನಾಲ್ಕನೆಯ ದಿನ ತಿಪಟೂರಿನಿಂದ ಪಾರ್ಸಲು ಬಂತು. ಮಾವನವರಿಗೆಂದು ಹಿಂದೆ ಹೆಣೆದಿದ್ದ ಉಣ್ಣೆಯ ಸ್ವೆಟರು. ತೋಳು ಬಿಚ್ಚಿ ಮಗನ ಅಳತೆಗೆ ಮತ್ತೆ ಹೆಣೆದಿದ್ದರು. ಹುಡುಗ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ. ಆಮೇಲೆ ನನ್ನ ಚೀಟಿ ತೆಗೆದು ಖರ್ಚಿನ ಕೊನೆಯಲ್ಲಿ ಪೆನ್ಸಿಲಿನಿಂದ ಬರೆದ: 'ಸ್ವೆಟರು, ಸೊನ್ನೆ ವಾಟ್.'

ಅವನು ಹೋದ ಹನ್ನೆರಡು ದಿನ ನಮ್ಮ ಮನೆಯಲ್ಲಿ ಮಾತು ಕಡಮೆಯಾಗಿತ್ತು. ಕಾಝಾ ತಲಪಿದ ಮರುದಿನ ಬೆಳಿಗ್ಗೆ ಫೋನು ಬರಬೇಕಾಗಿತ್ತು, ಬಂದದ್ದು ಮಧ್ಯಾಹ್ನ. ಅಷ್ಟರಲ್ಲಿ ನನ್ನ ಹೆಂಡತಿ ಎರಡು ಸಲ ದೇವರ ಮುಂದೆ ದೀಪ ಹಚ್ಚಿದ್ದಳು. ನಾನು ಕಚೇರಿಯಲ್ಲಿ ಒಂದೇ ಕಡತವನ್ನು ನಾಲ್ಕು ಸಲ ತಿರುವಿದ್ದೆ. ಆ ರಾತ್ರಿ ಅಲ್ಲಿ ನಲ್ಲಿಯ ನೀರು ಕೊಳಾಯಿಯಲ್ಲೇ ಹೆಪ್ಪುಗಟ್ಟಿತ್ತಂತೆ. ಇವನ ಗಾಡಿ ಎರಡನೆಯ ಸಲ ಗುಂಡಿ ಒತ್ತಿದಾಗ ಹೊತ್ತಿಕೊಂಡಿತಂತೆ. ಆದರೆ ಅದೇ ವಸತಿಗೃಹದಲ್ಲಿ ಇಳಿದಿದ್ದ ಬೇರೊಬ್ಬ ಸವಾರನ ಫಾಗ್‌ಲ್ಯಾಂಪುಗಳನ್ನು ಯಾರೋ ನೇರವಾಗಿ ಬ್ಯಾಟರಿಗೇ ಕೂಡಿಸಿಕೊಟ್ಟಿದ್ದರಂತೆ. ಕೀಲಿ ತೆಗೆದ ಮೇಲೂ ಅವು ಕತ್ತಲಲ್ಲಿ ಉರಿದು ಉರಿದು ಆರಿದ್ದವು. ಬೆಳಿಗ್ಗೆ ಆ ಗಾಡಿ ಕೆಮ್ಮಲೂ ಇಲ್ಲ. ಒಳಗೆ ಹೆಪ್ಪುಗಟ್ಟಿದೆಯೋ ಏನೋ ಎಂದು, ಮೊದಲು ಆ ಬ್ಯಾಟರಿಯನ್ನು ಒಳಗೊಯ್ದು ಎರಡು ಮೂರು ಗಂಟೆ ಒಲೆಯಿಂದ ದೂರದಲ್ಲಿ ಮೆಲ್ಲಗೆ ಬೆಚ್ಚಗಾಗಲು ಬಿಟ್ಟರು. ಆಮೇಲೆ ಊರಿನ ಜೀಪಿನವನೊಬ್ಬ ತನ್ನ ಎಂಜಿನ್ ಆರಿಸಿಯೇ ತನ್ನ ಬ್ಯಾಟರಿಯಿಂದ ತಂತಿ ಎಳೆದುಕೊಟ್ಟ. ನಮ್ಮ ಹುಡುಗ ಮಲ್ಟಿಮೀಟರು ಹಿಡಿದು ನೆರವಾದ. ಗಾಡಿ ಹೊತ್ತುವಷ್ಟರಲ್ಲಿ ಮಧ್ಯಾಹ್ನ. ಫೋನು ತಡವಾದದ್ದು ಅದಕ್ಕೆ.

ಕಾಝಾದ ಮೇಲುಗಡೆ ಹಿಕ್ಕಿಮ್ ಎಂಬ ಹಳ್ಳಿಯಲ್ಲಿ ೧೯೮೩ರಲ್ಲಿ ತೆರೆದ ಒಂದು ಅಂಚೆ ಕಚೇರಿ ಇದೆ, ೪,೪೦೦ ಮೀಟರ್ ಎತ್ತರದಲ್ಲಿ. ಅಲ್ಲಿಂದ ಅವನು ಎರಡು ಕಾರ್ಡು ಹಾಕಿದ್ದ. ಅವನು ಊರಿಗೆ ಬಂದ ಎಷ್ಟೋ ದಿನದ ಮೇಲೆ ಅವು ಬಂದವು. ನನ್ನದರಲ್ಲಿ ಇದ್ದದ್ದು ಇಷ್ಟೇ: 'ಭಾವ, ೧೨.೬.' ತಾಯಿಗೆ ಬರೆದದ್ದು ಏನೆಂದು ನಾನು ಕೇಳಲಿಲ್ಲ. ಅತ್ತೆಯವರು ಹೇಳಲೂ ಇಲ್ಲ. ಆದರೆ ಅದನ್ನು ಮಾವನವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾರೆಂದು ಹೆಂಡತಿ ಹೇಳಿದಳು.

ಈಗ ನಮ್ಮ ಸಂಘದ ಎಷ್ಟೋ ಮನೆಗಳ ಹುಡುಗರೂ ಹುಡುಗಿಯರೂ ಲಡಾಖ್, ಸ್ಪಿತಿ ಎಂದು ಹೊರಡುತ್ತಿದ್ದಾರೆ. ತಡೆಯುವುದು ಹಿರಿಯರ ಸ್ವಭಾವ, ಹೊರಡುವುದು ಅವರ ಸ್ವಭಾವ; ನಾವೂ ಊರು ಬಿಟ್ಟು ಹೊರಟವರೇ ಅಲ್ಲವೇ? ನಮ್ಮನ್ನು ಕಳಿಸಿದವರು ಬೇಡ ಎಂದೇ ಕುಳಿತಿದ್ದರೆ ಈ ಪತ್ರಿಕೆಯೂ ಇರುತ್ತಿರಲಿಲ್ಲ, ಈ ಸಂಘವೂ ಇರುತ್ತಿರಲಿಲ್ಲ. ಆದ್ದರಿಂದ ಹೊರಟವರ ಮುಂದೆ ಒಂದು ಹಾಳೆ, ಒಂದು ಪೆನ್ಸಿಲು ಇಟ್ಟು ಜಮಾಖರ್ಚು ಬರೆಸಿ ಎಂಬುದು ನನ್ನ ವಿನಂತಿ. ಹಗಲಿನ ಸುಖಕ್ಕೆ ಎಷ್ಟು ಬೇಕಾದರೂ ಖರ್ಚಾಗಲಿ, ಮರುದಿನ ಬೆಳಿಗ್ಗೆ ಗುಂಡಿ ಒತ್ತುವಷ್ಟನ್ನು ಮಾತ್ರ ಮುಟ್ಟಬಾರದು.

ಮಲ್ಟಿಮೀಟರು ನಮ್ಮ ಮನೆಯಲ್ಲಿದೆ. ಬೇಕಾದವರು ಭಾನುವಾರ ಬೆಳಿಗ್ಗೆ ಬಂದು ಒಯ್ಯಬಹುದು, ಕಾಫಿಯೂ ಸಿಕ್ಕೀತು. ಹಿಂದಿರುಗಿಸುವುದನ್ನು ಮರೆಯಬಾರದು, ಅಷ್ಟೆ.